ಹುಚ್ಚವ್ವನ ಕೈಯ ರೊಟ್ಟಿಗಂಟು

ಮಗಳ ಕಾಲು ತೊಳೆಯಲು ಕೂತಾಗಲೆಲ್ಲ ಭುವನೇಶ್ವರಿಯ ಹೆಬ್ಬೆರಳು ತಾನಾಗಿಯೇ ಹಿಮ್ಮಡಿಯ ಮೇಲಿನ ದಪ್ಪ ನರದ ಹತ್ತಿರ ಹೋಗಿ ನಿಲ್ಲುತ್ತಿತ್ತು. ಒತ್ತಿ ನೋಡುತ್ತಿತ್ತು, ಬಿಡುತ್ತಿತ್ತು, ಸಮಾಧಾನವಾಗದೆ ಮತ್ತೆ ಒತ್ತುತ್ತಿತ್ತು. ಏಳು ವರ್ಷದ ನೀಲಾ ಕಚಗುಳಿ ತಾಳಲಾರದೆ ಕಾಲು ಎಳೆದುಕೊಳ್ಳುತ್ತಿದ್ದಳು.

"ಅಮ್ಮಾ, ನಿನ್ನೀನೂ ನೋಡಿದಿ. ಏನೂ ಇಲ್ಲ ಬಿಡು ಅಲ್ಲಿ!"

ಅಲ್ಲಿ ಏನೂ ಇರಲಿಲ್ಲ, ನಿಜ. ಬಸವನ ಬಾಗೇವಾಡಿಯ ಕರಿಮಣ್ಣು ಮೆತ್ತಿದ್ದ ಆ ಹಿಮ್ಮಡಿ ಎಲ್ಲ ಮಕ್ಕಳ ಹಿಮ್ಮಡಿಯಂತೆ ನುಣ್ಣಗಿತ್ತು. ಈ ವಯಸ್ಸಿಗೆ ಕೈಗೆ ಸಿಗುವಂಥದ್ದೇನೂ ಇರುವುದಿಲ್ಲ, ರಕ್ತ ಮಾತ್ರ ಹೇಳುತ್ತದೆ ಎಂದು ಡಾಕ್ಟರು ತಿಳಿಸಿದ್ದರು. ರಕ್ತ ಹೇಳಿಯೂ ಆಗಿತ್ತು, ಅದಕ್ಕೆ ಏನು ಮಾಡಬೇಕೆಂಬುದೂ ಗೊತ್ತಾಗಿತ್ತು. ಆದರೂ ಹೆಬ್ಬೆರಳು ಸುಮ್ಮನಿರಲೊಲ್ಲದು. ಅದರ ಚಿಂತೆ ಈ ಪುಟ್ಟ ಕಾಲಿನದ್ದಷ್ಟೇ ಆಗಿರಲಿಲ್ಲ.

ಇಂಡಿ ತಾಲೂಕಿನ ಹೊರ್ತಿಯಲ್ಲಿ ನಿಂಬೆಹಣ್ಣಿನ ವ್ಯಾಪಾರ ಮಾಡಿಕೊಂಡು ಕಾಂತು ಇದ್ದ. ನಾಲತವಾಡದಲ್ಲಿ ಅವನ ತಾಯಿ ಹುಚ್ಚವ್ವ ಇದ್ದಳು. ಹುಚ್ಚವ್ವನೆಂದರೆ ಭುವನೇಶ್ವರಿಯ ಗಂಡ ಸಿದ್ಧರಾಮನ ಸೋದರತ್ತೆ. ಕಾಂತುವಿನ ಜೀವಕ್ಕೆ ಸಂಬಂಧಿಸಿದ ಒಂದು ಮಾತನ್ನು ಹುಚ್ಚವ್ವನಿಗೆ ಹೇಳಬೇಕಿತ್ತು. ಹೇಳಿದರೆ, ಆಕೆ ಇಡೀ ಜನ್ಮ ಹೆಮ್ಮೆಯಿಂದ ಎತ್ತಿ ತೋರಿಸಿದ್ದ ಒಂದೇ ಒಂದು ಒಡವೆಯನ್ನು ಕೈಯಿಂದ ಕಿತ್ತುಕೊಂಡಂತಾಗುತ್ತಿತ್ತು. ಭುವನೇಶ್ವರಿ ಫೋನು ಎತ್ತಿಕೊಳ್ಳುವಳು, ಹೆಸರು ಹುಡುಕುವಳು, ಒಲೆಯ ಮೇಲೆ ಹಾಲಿಟ್ಟದ್ದು ನೆನಪಾದಂತೆ ಮಾಡಿ ಫೋನನ್ನು ಮಗುಚಿ ಇಡುವಳು.

ಆ ಒಡವೆ ಎಂಥದ್ದೆಂದು ತಿಳಿಯಬೇಕಾದರೆ ಹುಚ್ಚವ್ವನ ಕೈ ನೋಡಬೇಕು.

ನಾಲತವಾಡದಲ್ಲಿ ಬಸ್ಸಿಳಿದವರು ರೊಟ್ಟಿ ಹುಚ್ಚವ್ವನ ಮನೆ ಎಲ್ಲಿ ಎಂದು ಕೇಳಬೇಕಾಗಿಲ್ಲ. ಪೇಟೆಯ ಗದ್ದಲ ದಾಟಿ ಓಣಿ ಹೊಕ್ಕರೆ ಸದ್ದೇ ಕರೆದುಕೊಂಡು ಹೋಗುತ್ತದೆ. ಟಪ್ ಟಪ್ ಟಪ್, ನಡುವೆ ರೊಟ್ಟಿ ಹಂಚಿಗೆ ಬೀಳುವಾಗಿನ ಒಂದು ಸಣ್ಣ ಮೌನ, ಮತ್ತೆ ಟಪ್ ಟಪ್. ಅವಳ ಖಡಕ್ ರೊಟ್ಟಿ ಹಪ್ಪಳದಷ್ಟು ತೆಳು, ತಿಂಗಳಾದರೂ ಮೆತ್ತಗಾಗದು. ಮುದ್ದೇಬಿಹಾಳದ ಖಾನಾವಳಿಗಳಿಗೆ, ಸುತ್ತಲ ಹಳ್ಳಿಗಳ ಮದುವೆ ಮನೆಗಳಿಗೆ ಬುಟ್ಟಿಗಟ್ಟಲೆ ಹೋಗುತ್ತದೆ. ಮೊದಲ ಎರಡು ಕೂಸು ಉಳಿಯಲಿಲ್ಲವೆಂದು, ಮೂರನೆಯದನ್ನಾದರೂ ಸಾವು ಕಣ್ಣೆತ್ತಿ ನೋಡದಿರಲೆಂದು ಇಟ್ಟ ಹೆಸರು ಅವಳದು. ಹೆಸರು ತನ್ನ ಕೆಲಸ ಮಾಡಿತು. ಅರವತ್ತೈದು ದಾಟಿದ ಹುಚ್ಚವ್ವ ಇಂದಿಗೂ ಕುಕ್ಕರಗಾಲಿನಲ್ಲಿ ಒಲೆ ಮುಂದೆ ಕೂತರೆ ಹಿಟ್ಟು ಮುಗಿಯದೆ ಏಳುವವಳಲ್ಲ.

ಅವಳನ್ನು ಸೋದರಮಾವನಿಗೇ ಕೊಟ್ಟಿದ್ದರು. ಆತ ಸೊಲ್ಲಾಪುರದ ಗಿರಣಿಗೆಂದು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಕಂಕುಳಲ್ಲಿ ಕಾಂತುವನ್ನು ಎತ್ತಿಕೊಂಡು ಹುಚ್ಚವ್ವ ತಮ್ಮ ಗುರಣ್ಣನ ಮನೆಗೆ ಬಂದಳು. ಗುರಣ್ಣ ಬಸ್ಸಿನ ಕಂಡಕ್ಟರ್. ಅವನ ಹೆಂಡತಿ ಸಿದ್ಧರಾಮನನ್ನು ಹೆತ್ತು ಕಣ್ಣು ಮುಚ್ಚಿದ್ದಳು. ಹೀಗೆ ಒಂದು ಒಲೆಗೆ ಇಬ್ಬರು ಹುಡುಗರು ಗಂಟುಬಿದ್ದರು. ಸಿದ್ಧರಾಮ ಆರನೆಯ ಇಯತ್ತೆಯಲ್ಲಿದ್ದಾಗ ಗುರಣ್ಣ ಮುದ್ದೇಬಿಹಾಳದ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದವನು ಹಾಗೇ ಸೀಟಿನ ಮೇಲೆ ಒರಗಿ ಹೋಗಿಬಿಟ್ಟ. ತಲೆಯಲ್ಲಿ ಒಂದು ಬಿಳಿಕೂದಲಿರಲಿಲ್ಲ. ಅವನಪ್ಪನೂ ಹಾಗೇ, ಹೊಲದ ಬದುವಿನ ಮೇಲೆ ನೀರಿನ ತಂಬಿಗೆ ಹಿಡಿದುಕೊಂಡೇ ಕುಸಿದವನು. "ಆ ಮನಿ ಗಂಡಸರ ತಲಿ ಹಣ್ಣಾಗೂದಿಲ್ಲ" ಎಂದು ಊರಿನವರು ಆಡಿಕೊಂಡರು. ಹುಚ್ಚವ್ವ ಒಲೆ ಹೊತ್ತಿಸಿದಳು. ಹಿಟ್ಟಿಗೆ ಎಸರು ಹೊಯ್ದಳು, ನಾದಿದಳು, ಬಡಿದಳು. ಇಬ್ಬರು ಹುಡುಗರೂ ಆ ರೊಟ್ಟಿಯ ಮೇಲೇ ಬೆಳೆದರು. ಒಬ್ಬ ನಿಂಬೆಹಣ್ಣಿನ ವ್ಯಾಪಾರಿಯಾದ, ಇನ್ನೊಬ್ಬ ಬಾಗೇವಾಡಿಯ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರನಾದ.

ಆ ದುಡಿತಕ್ಕೆ ಸಾಕ್ಷಿಯಾಗಿ ಹುಚ್ಚವ್ವನ ಎರಡೂ ಮುಂಗೈಗಳ ಬೆರಳ ಬುಡದಲ್ಲಿ ಗಂಟುಗಳಿದ್ದವು. ಹುಣಸೆಬೀಜದಷ್ಟು ದಪ್ಪ, ತುಸು ಹಳದಿ ಛಾಯೆ, ಒತ್ತಿದರೆ ಗಟ್ಟಿ. ಹಿಮ್ಮಡಿಯ ನರವೂ ಹಗ್ಗದಂತೆ ಉಬ್ಬಿತ್ತು. ಅದು ಕುಕ್ಕರಗಾಲಿನಲ್ಲಿ ಕೂತದ್ದರ ಫಲವಂತೆ. ಬಳಗದಲ್ಲಿ ಅದಕ್ಕೆ ರೊಟ್ಟಿಗಂಟು ಎಂದೇ ಹೆಸರು. ಬೇರೆಯವರು ಚಿನ್ನದ ಪಾಟಲಿ ಬಿಲ್ವಾರ ತೋರಿಸುವ ಹಾಗೆ ಹುಚ್ಚವ್ವ ಮದುವೆ ಮುಂಜಿಗಳಲ್ಲಿ ಆ ಗಂಟುಗಳನ್ನು ತೋರಿಸುತ್ತಿದ್ದಳು. ಬಳಗದಲ್ಲಿ ಇನ್ಯಾರ ಕೈಯಲ್ಲಾದರೂ ಕಂಡರೆ ಎಲ್ಲರೆದುರು ಆ ಕೈ ಎತ್ತಿ ಹಿಡಿದು, "ನೋಡ್ರಿ, ಇದು ನಮ್ಮ ಮನಿ ಹೆಣ್ಣಿನ ಕೈ! ದುಡದ ಕೈ!" ಎಂದು ಸಾರುತ್ತಿದ್ದಳು. ಕನ್ಯೆ ನೋಡಲು ಹೋದರೂ ಅವಳು ಮೊದಲು ಕೇಳುವುದು ಹಾಡಲ್ಲ, ಕೈ.

ಭುವನೇಶ್ವರಿಯ ಕೈಯನ್ನೂ ಹಾಗೇ ಒತ್ತಿ ನೋಡಿದ್ದಳು. ಸಿಂದಗಿಯ ಒಂದು ಮದುವೆಯಲ್ಲಿ. ಭುವನೇಶ್ವರಿಯ ಅಪ್ಪ ಸಿಂದಗಿಯವರೇ, ಬ್ಯಾಂಕಿನ ನೌಕರಿಯಲ್ಲಿ ಮೈಸೂರು ಸೇರಿದವರು. ಮಗಳು ಅಲ್ಲೇ ಓದಿ ಬೆಳೆದವಳು. "ಇದೆ", "ಬರ್ತೀನಿ" ಎನ್ನುವ ಆ ಹುಡುಗಿಯ ಅಂಗೈ ಮುಂಗೈ ತಿರುವಿ ನೋಡಿ ಹುಚ್ಚವ್ವ ನಕ್ಕೇಬಿಟ್ಟಿದ್ದಳು.

"ಬೆಣ್ಣಿ ಮುದ್ದಿ ಆಗ್ಯಾವಲ್ಲವ್ವ ಇವು! ಒಂದು ರೊಟ್ಟಿ ಕಂಡಿಲ್ಲ ಈ ಕೈ."

"ನನಗೆ ಚಪಾತಿ ಲಟ್ಟಿಸೋಕೆ ಬರತ್ತೆ" ಎಂದಿದ್ದಳು ಭುವನೇಶ್ವರಿ, ಅಳು ನುಂಗಿಕೊಂಡು.

"ಚಪಾತಿ ಯಾರ ಕೇಳ್ಯಾರ? ಇರಲಿ ತಗೋ. ಐದಾರು ವರ್ಷದಾಗ ಗಂಟ ತಾವ ಬರ್ತಾವ."

ಬಳಗದ ಹಿರಿಯರಿಗೆ ಸಿದ್ಧರಾಮನಿಗೆ ಒಳಸಂಬಂಧದಲ್ಲೇ ಹೆಣ್ಣು ತರುವ ಮನಸ್ಸಿತ್ತು. ಹುಚ್ಚವ್ವ ಒಬ್ಬಳೇ ಅಡ್ಡ ನಿಂತಳು. "ಸಂಬಂಧದಾಗ ಕೊಟ್ಟು ನಾ ಸುಖಾ ಉಂಡದ್ದು ಸಾಕು. ಹೊರಗಿನಾಕಿ ಬರಲಿ" ಎಂದು ಪಟ್ಟು ಹಿಡಿದು ಆ ಬೆಣ್ಣೆ ಮುದ್ದೆಯ ಕೈಯನ್ನೇ ಮನೆ ತುಂಬಿಸಿಕೊಂಡಳು. ಎಂಟು ವರ್ಷವಾಯಿತು. ಗಂಟು ಬರಲಿಲ್ಲ. ರೊಟ್ಟಿಯೂ ಅಷ್ಟಕ್ಕಷ್ಟೇ. ನಾಲತವಾಡಕ್ಕೆ ಹೋದಾಗಲೆಲ್ಲ ಭುವನೇಶ್ವರಿ ಮುಂಗೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು.

ಕಳೆದ ಮಳೆಗಾಲದಲ್ಲಿ ಸಿದ್ಧರಾಮನ ಶಾಲೆಯಲ್ಲಿ ಆರೋಗ್ಯ ಶಿಬಿರ ನಡೆಯಿತು. ಮಾಸ್ತರರ ಜೊತೆಗೆ ಓಣಿಯ ಹಿರಿಯರ ರಕ್ತವನ್ನೂ ತೆಗೆದರು. ಫಲಿತಾಂಶ ಬಂದಾಗ ಪಕ್ಕದ ಮನೆಯ ನಬಿಸಾಬ ಚಾಚಾ ಬಾಗಿಲಲ್ಲಿ ನಿಂತು ಗಹಗಹಿಸಿ ನಕ್ಕ. ನಬಿಸಾಬ ನಿವೃತ್ತ ಬಸ್ ಡ್ರೈವರ್. ಎಪ್ಪತ್ತರ ಮೇಲಿನ ವಯಸ್ಸು, ವಾರಕ್ಕೊಮ್ಮೆ ಮಟನ್, ದಿನಾ ತುಪ್ಪ, ಮೇಲೆ ಮಿರ್ಚಿ ಭಜಿ. ಅವನ ಕೊಲೆಸ್ಟರಾಲ್ ಹುಡುಗರದ್ದರಂತೆ ಇತ್ತು. ಮೊಟ್ಟೆಯನ್ನೂ ಮುಟ್ಟದ, ಸೈಕಲ್ ಮೇಲೆ ಶಾಲೆಗೆ ಹೋಗುವ, ಕಡ್ಡಿಯಂಥ ಸಿದ್ಧರಾಮನದು ಇರಬೇಕಾದ್ದಕ್ಕಿಂತ ದುಪ್ಪಟ್ಟು.

"ಏನ್ರಿ ಮಾಸ್ತರ, ನಾ ತಿಂದ ಮಟನ್ ನಿಮ್ಮ ಮೈಯಾಗ ಹೆಂಗ ಹೋತ್ರಿ? ಗೋಡಿ ಜಿಗದೇತೇನು?"

"ಮಶೀನ್ ಕೆಟ್ಟೈತಿ ಚಾಚಾ" ಎಂದು ಸಿದ್ಧರಾಮನೂ ನಕ್ಕ.

ಭುವನೇಶ್ವರಿ ನಗಲಿಲ್ಲ. ಚಿಂತಿಸುವುದಕ್ಕೆ ಯಾರಾದರೂ ಸಂಬಳ ಕೊಡುವಂತಿದ್ದರೆ ಅವಳು ಆ ಮನೆಯ ದೊಡ್ಡ ದುಡಿಮೆಗಾರ್ತಿಯಾಗುತ್ತಿದ್ದಳು ಎಂದು ಗಂಡ ಚೇಷ್ಟೆ ಮಾಡುವುದುಂಟು. ಅಂದೇ ತುಪ್ಪದ ಡಬ್ಬಿ ಅಟ್ಟ ಏರಿತು. ರೊಟ್ಟಿಯ ಜೊತೆಯ ಚಟ್ನಿಪುಡಿ, ಶೇಂಗಾ ಹಿಂಡಿ, ಮಾಯವಾಯಿತು. ಫೋನಿನಲ್ಲಿ ಓದಿದ್ದೆಲ್ಲ ಎದೆಯೊಳಗೆ ಕೂತು ಗುದ್ದತೊಡಗಿತು. ಸಂಜೆ ನಬಿಸಾಬ ಒಬ್ಬನೇ ಕಟ್ಟೆಯ ಮೇಲೆ ಕೂತಿದ್ದಾಗ ಅವಳು ಮೆಲ್ಲಗೆ ಕೇಳಿದಳು, "ಚಾಚಾ, ನಮ್ಮ ಮಾವನವರು ತೀರಿಕೊಂಡಾಗ ಬಸ್ಸು ನಡೆಸ್ತಿದ್ದಿದ್ದು ನೀವೇ ಅಲ್ವಾ?"

ನಬಿಸಾಬನ ನಗು ಇಳಿಯಿತು. "ನಾನ ಯವ್ವಾ. ಮಂದಿ ಹತ್ತಿತ್ತು, ನಾ ಗುರಣ್ಣ ಸೀಟಿ ಹೊಡೀಲಿ ಅಂತ ಕಾದೆ. ಅಂವ ಸೀಟಿ ಊದಲಿಲ್ಲ, ನಾ ಗಾಡಿ ಬಿಡಲಿಲ್ಲ. ತಿರುಗಿ ನೋಡಿದ್ರ..." ಟೊಪ್ಪಿಗೆ ಸರಿಪಡಿಸಿಕೊಂಡ. "ಮಾಸ್ತರನ್ನ ಡಾಕ್ಟರಿಗೆ ತೋರಸು ಬೇಟಿ. ಮಶೀನ್ ಸುಳ್ಳಿರ್ಲಿ ಅಂತ ನಾನೂ ದುವಾ ಮಾಡ್ತೇನಿ. ಆದ್ರ ತೋರಸು."

ಅವಳು ಗಂಡನನ್ನು ಅಕ್ಷರಶಃ ಎಳೆದುಕೊಂಡು ವಿಜಯಪುರದ ದವಾಖಾನೆಗೆ ಹೋದಳು. ಅಲ್ಲಿದ್ದವರು ಡಾಕ್ಟರ್ ಸಿದ್ದೀಕಾ, ಇಂಡಿಯ ಕಡೆಯವರು, ನಲವತ್ತರ ಆಸುಪಾಸಿನ ಚುರುಕು ಹೆಂಗಸು. ಎದೆ ಪರೀಕ್ಷಿಸಿದರು, ಓಡಿಸಿ ನೋಡಿದರು, ಹೃದಯ ಸದ್ಯಕ್ಕೆ ಗಟ್ಟಿಯಿದೆ ಎಂದರು. ಬೂಟು ಹಾಕಿಕೊಳ್ಳಲು ಬಗ್ಗಿದ ಸಿದ್ಧರಾಮನ ಹಿಮ್ಮಡಿಯ ಮೇಲೆ ಅವರ ಕಣ್ಣು ನಿಂತಿತು. ಆಮೇಲೆ ಅವನ ಮುಂಗೈ ಹಿಡಿದು ಬೆರಳ ಬುಡ ಸವರಿದರು.

"ಇವು ಯಾವಾಗಿಂದ ಅದಾವ್ರಿ?"

"ಅವಾ? ರೊಟ್ಟಿಗಂಟ್ರಿ ಮೇಡಮ್."

"ಅಂದ್ರ?"

"ರೊಟ್ಟಿ ಬಡದು ಬಡದು ಬರ್ತಾವಲ್ರಿ, ಅವು."

"ನೀವು ರೊಟ್ಟಿ ಬಡೀತೀರೇನು?"

"ಏ ಇಲ್ರಿ. ನಮ್ಮತ್ತಿ ಬಡೀತಾಳ."

ಸಿದ್ದೀಕಾ ಪೆನ್ನು ಕೆಳಗಿಟ್ಟರು. "ನಿಮ್ಮತ್ತಿ ಬಡದ್ರ ನಿಮ್ಮ ಕೈಗ್ಯಾಕ ಬಂದುವ್ರಿ ಮಾಸ್ತರ?"

ಲೆಕ್ಕದ ಮಾಸ್ತರ ತನ್ನ ಮುಂಗೈಯನ್ನು ತಿರುವಿ ನೋಡಿಕೊಂಡ. ಮೂವತ್ತಾರರ ಅವನ ಕೈಯಲ್ಲೇ ವರ್ಷಗಟ್ಟಲೆ ಇದ್ದ ಪ್ರಶ್ನೆ ಅದು; ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಭುವನೇಶ್ವರಿ ಗಂಡನ ಬೆರಳುಗಳನ್ನೇ ದಿಟ್ಟಿಸಿದಳು. ಎಂಟು ವರ್ಷ ತನ್ನ ಕೈಗೆ ಬರಲಿಲ್ಲವೆಂದು ನಾಚಿದ ಗಂಟು, ರೊಟ್ಟಿ ಮುಟ್ಟದ ಗಂಡಸಿನ ಕೈಯಲ್ಲಿ ಇಷ್ಟು ದಿನ ಕಣ್ಣೆದುರೇ ಇತ್ತು.

ಸಿದ್ದೀಕಾ ಬಿಡಿಸಿ ಹೇಳಿದರು. ರಕ್ತದಲ್ಲಿ ಓಡಾಡುವ ಕೊಬ್ಬನ್ನು ಹಿಡಿದು ಒಳಗೆ ಎಳೆದುಕೊಳ್ಳಲು ನಮ್ಮ ಲಿವರಿನ ಮೇಲೆ ಸಣ್ಣ ಕೊಕ್ಕೆಗಳಿರುತ್ತವೆ. ಆ ಕೊಕ್ಕೆ ಹೇಗಿರಬೇಕೆಂಬ ನಕ್ಷೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತದೆ. ಈ ಮನೆತನದಲ್ಲಿ ಅದರಲ್ಲೊಂದು ನಕ್ಷೆ ತಪ್ಪಾಗಿದೆ. ಅರ್ಧ ಕೊಕ್ಕೆಗಳು ಕೆಲಸ ಮಾಡುವುದಿಲ್ಲ. ಹಿಡಿಯುವವರಿಲ್ಲದ ಕೊಬ್ಬು ಹುಟ್ಟಿದಾರಭ್ಯ ರಕ್ತದಲ್ಲೇ ಸುತ್ತಿ ಸುತ್ತಿ ಕೆಲವರಿಗೆ ಬೆರಳಿನ, ಹಿಮ್ಮಡಿಯ ನರಗಳಲ್ಲಿ ಗಂಟಾಗಿ ಕೂರುತ್ತದೆ. ಹೃದಯದ ನಾಳಗಳಲ್ಲೂ ಕೂರುತ್ತದೆ. ಹೆಂಗಸರಿಗೆ ತುಸು ತಡ, ಗಂಡಸರಿಗೆ ಬೇಗ.

"ಆದರೆ ನಮ್ಮ ಪಕ್ಕದ ಮನೆ ಚಾಚಾ..." ಭುವನೇಶ್ವರಿ ನಬಿಸಾಬನ ಮಟನ್ ಕಥೆ ಹೇಳಿದಳು.

"ಅದೂ ಹುಟ್ಟಿನ ಆಟಾನ ಅಕ್ಕಾ. ಒಂದು ಊರಾಗಿನ ಎಲ್ಲರ ರಕ್ತ ತಗದು ನೋಡ್ರಿ, ಎತ್ತರ ಗಿಡ್ಡ ಇದ್ದಂಗ ಕೊಲೆಸ್ಟರಾಲ್‌ನೂ ಒಬ್ಬೊಬ್ಬರದು ಒಂದೊಂದು ಇರ್ತೈತಿ. ಎಲ್ಲರ ಮೈಯಾಗೂ ಸಣ್ಣ ಸಣ್ಣ ಫರಕು ನೂರಾರು. ಒಂದು ಚೂರು ಏರಸ್ತೈತಿ, ಇನ್ನೊಂದು ಚೂರು ಇಳಸ್ತೈತಿ. ಕೂಡಿಸಿ ಕಳದ್ರ ಬಾಳ ಮಂದಿ ನಡುವ ಬರ್ತಾರ. ನಿಮ್ಮ ಚಾಚಾಗ ಇಳಸೂವ ಜಾಸ್ತಿ ಬಂದಿರಬೇಕು, ನಸೀಬು. ನಿಮ್ಮ ಮನೀದು ಬ್ಯಾರೆ. ಇಲ್ಲಿ ಒಂದ ಒಂದು ದೊಡ್ಡ ಫರಕು. ಅದು ಬಂತಂದ್ರ ಬರೇ ಪುಂಡಿಸೊಪ್ಪಿನ ಪಲ್ಯಾ ತಿಂದ್ರೂ ಏರಿದ್ದ. ಇದೇನು ನಿಮ್ಮ ಮನಿಗಷ್ಟ ಬಂದದ್ದಲ್ಲ ಮತ್ತ. ಎಲ್ಲಾ ಜಾತಿ, ಎಲ್ಲಾ ಊರಾಗ, ಎರಡ್ನೂರು ಮುನ್ನೂರು ಮಂದ್ಯಾಗ ಒಬ್ಬರಿಗೆ ಇರ್ತೈತಿ. ಬಾಳ ಮಂದಿಗೆ ಗೊತ್ತ ಇರೂದಿಲ್ಲ."

"ನಾನು ಶೇಂಗಾ ಹಿಂಡಿ ಕೂಡ ನಿಲ್ಲಿಸಿಬಿಟ್ಟೆ ಡಾಕ್ಟ್ರೇ."

"ಅಯ್ಯ! ಶೇಂಗಾ ಏನ ಪಾಪ ಮಾಡೇತ್ರಿ? ಪಾಪ, ಮಾಸ್ತರಗ ಹಿಂಡಿ ಕೊಡ್ರಿ. ತುಪ್ಪಾ ಅಟ್ಟದ ಮ್ಯಾಲ ಇದ್ರ ಅಲ್ಲೇ ಇರಲಿ, ತಕರಾರಿಲ್ಲ. ಆದ್ರ ಅವರಿಗೆ ಬೇಕಾದ್ದು ಗುಳಿಗಿ, ದಿನಾ ಒಂದು."

ಆಮೇಲೆ ಎರಡು ಪ್ರಶ್ನೆ ಕೇಳಿದರು. ಮೊದಲನೆಯದು, ನಿಮ್ಮದು ಸಂಬಂಧದಲ್ಲಿನ ಮದುವೆಯೇ? ಅಲ್ಲವೆಂದಾಗ ಸಿದ್ದೀಕಾರ ಹುಬ್ಬು ಸಡಿಲಾಯಿತು. ಅಪ್ಪ ಅಮ್ಮ ಇಬ್ಬರೂ ಇದೇ ತಪ್ಪು ನಕ್ಷೆ ಹೊತ್ತವರಾಗಿದ್ದರೆ ಮಗುವಿಗೆ ಎರಡೂ ಕಡೆಯಿಂದ ಬರಬಹುದಿತ್ತು, ಆಗ ಬಾಲ್ಯದಲ್ಲೇ ಹೃದಯಕ್ಕೆ ಹೊಡೆತ. ಭುವನೇಶ್ವರಿಗೆ ನೆನಪಾದದ್ದು ಸಿಂದಗಿಯ ಮದುವೆ ಮಂಟಪ, "ಹೊರಗಿನಾಕಿ ಬರಲಿ" ಎಂದು ಒಬ್ಬಳೇ ನಿಂತ ಮುದುಕಿ. ಹುಚ್ಚವ್ವ ತನ್ನ ಸುಟ್ಟ ಬದುಕಿನಿಂದ ಕಲಿತದ್ದು ಬೇರೆ ಪಾಠ. ಅದರ ತಂಪು ನೆರಳು ಬಂದು ಬಿದ್ದದ್ದು ಇನ್ನೂ ಹುಟ್ಟಿರದ ನೀಲಾಳ ತಲೆಯ ಮೇಲೆ.

ಎರಡನೆಯದು, ಬಳಗದಲ್ಲಿ ಇನ್ಯಾರಿಗಿದೆ? "ಇದನ್ನ ಕೇಳಿದ್ರ ಎಲ್ಲಾರೂ ಗೊತ್ತಿಲ್ಲ ಅಂತಾರ" ಎಂದು ಸಿದ್ದೀಕಾ ಮೊದಲೇ ನಿಟ್ಟುಸಿರಿಟ್ಟರು. ಆದರೆ ಭುವನೇಶ್ವರಿ ತಡವರಿಸದೆ ಹೇಳತೊಡಗಿದಳು. ಮುದ್ದೇಬಿಹಾಳದ ದೊಡ್ಡಮ್ಮನ ಮಗಳು, ಸಿಂದಗಿಗೆ ಕೊಟ್ಟ ಚಂದವ್ವ, ಇಂಡಿಯಲ್ಲಿರುವ ಅವಳ ತಂಗಿ, ಹೊರ್ತಿಯ ಕಾಂತು. ಯಾರ ಕೈಯಲ್ಲಿ ಗಂಟಿದೆ ಎಂಬುದು ಆ ಬಳಗದ ಮಕ್ಕಳಿಗೂ ಬಾಯಿಪಾಠ. ಹುಚ್ಚವ್ವ ಒಂದೊಂದು ಕೈಯನ್ನೂ ಎತ್ತಿ ಹಿಡಿದು ಹೊಗಳಿದ್ದಳಲ್ಲ. ನೀಲಾಳ ನಾಮಕರಣದ ಒಂದು ಫೋಟೋ ಫೋನಿನಲ್ಲಿತ್ತು. ಹುಚ್ಚವ್ವ ಕೂಸನ್ನು ಎತ್ತಿಕೊಂಡಿದ್ದಾಳೆ, ಮುಂಗೈ ಕ್ಯಾಮೆರಾದ ಕಡೆಗೇ ಇದೆ. ಸಿದ್ದೀಕಾ ಅದನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು.

"ಬ್ಯಾರೆ ಮನ್ಯಾಗ ಇದನ್ನ ಕುರೂಪ ಅಂತ ಮುಚ್ಚಿಡ್ತಾರ್ರಿ ಅಕ್ಕಾ. ನಿಮ್ಮ ಅತ್ತಿ ಒಡವಿ ಮಾಡ್ಯಾರ. ಅವರು ತಪ್ಪ ತಿಳಕೊಂಡಿದ್ದ ನಿಮ್ಮನ್ನ ಕಾಪಾಡೇತಿ. ಅವರಿಗೊಂದು ಸಲಾಮ್ ಹೇಳ್ರಿ."

ನೀಲಾಳ ರಕ್ತದ ಫಲಿತಾಂಶ ಬಂದ ದಿನ ಭುವನೇಶ್ವರಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಅರ್ಧದಷ್ಟು ಸಾಧ್ಯತೆಯಲ್ಲಿ ಮಗುವಿನ ಪಾಲಿಗೆ ಬಂದದ್ದು ಅಪ್ಪನ ಆ ತಪ್ಪು ನಕ್ಷೆ. ಆದರೆ ಸಿದ್ದೀಕಾರ ದನಿಯಲ್ಲಿ ಮರುಕವಿರಲಿಲ್ಲ, ಸಂತೋಷದಂಥದೇ ಏನೋ ಇತ್ತು. ಏಳನೆಯ ವಯಸ್ಸಿಗೆ ಗೊತ್ತಾದ ಮಗುವಿನ ನಾಳಗಳಲ್ಲಿ ಇನ್ನೂ ಏನೂ ಕೂತಿರುವುದಿಲ್ಲ. ಒಂದೆರಡು ವರ್ಷದಲ್ಲಿ ಸಣ್ಣ ಗುಳಿಗೆ ಶುರುಮಾಡಿದರೆ, ಬಿಡದೆ ತೆಗೆದುಕೊಂಡರೆ, ಅವಳೂ ಉಳಿದ ಮಕ್ಕಳಂತೆ ಓಡ್ಯಾಡಿಕೊಂಡು, ಮದುವೆಯಾಗಿ, ಮುದುಕಿಯಾಗಿ, ಸೊಸೆಯಂದಿರನ್ನು ಬೈದುಕೊಂಡು ಬಾಳುತ್ತಾಳೆ. ಗುರಣ್ಣನಿಗೆ ಸಿಗದ ಮಾತು ಇದು. ಭುವನೇಶ್ವರಿ ಆ ಮಾತನ್ನು ಜಪದಂತೆ ಹೇಳಿಕೊಂಡಳು. ಸಿದ್ಧರಾಮ ತನ್ನ ಗುಳಿಗೆಯನ್ನು ಮಗಳ ಎದುರೇ ನುಂಗಿ ನಾಲಿಗೆ ಚಾಚಿ ತೋರಿಸುವುದನ್ನು ಅಭ್ಯಾಸ ಮಾಡಿಕೊಂಡ. ಅವನ ರಕ್ತದ ಅಂಕಿ ದಸರೆಯ ಹೊತ್ತಿಗೆ ಅರ್ಧಕ್ಕೆ ಇಳಿದಿತ್ತು.

ಉಳಿದದ್ದು ಕಾಂತು, ಮತ್ತು ಅವನ ತಾಯಿಗೆ ಹೇಳುವ ಮಾತು.

"ನಾನ ಹೇಳ್ತೇನಿ. ಫೋನಿನ್ಯಾಗ ಬ್ಯಾಡ. ಸೂಟಿಗೆ ಹೋದಾಗ ಎದರಾ ಎದರ ಕೂತು ಹೇಳ್ತೇನಿ" ಎಂದಿದ್ದ ಸಿದ್ಧರಾಮ. ಶಾಲೆಗೆ ಸೂಟಿ ಬಂತು. ನಾಲತವಾಡಕ್ಕೆ ಹೋದರು. ಹುಚ್ಚವ್ವ ಬಿಸಿ ರೊಟ್ಟಿಗೆ ಹಿಂಡಿ ಹಾಕಿ ತಾಟು ಮುಂದಿಟ್ಟು, "ಈ ಕೈ ಇರೂತನಾ ನೀ ಉಪವಾಸ ಬೀಳೂದಿಲ್ಲಲೇ ಸಿದ್ದ್ಯಾ" ಎಂದಳು. ಸಿದ್ಧರಾಮ ತಲೆ ತಗ್ಗಿಸಿ ಉಂಡ. ಹೇಳದೆ ತಿರುಗಿ ಬಂದ. ಆ ಕೈ ತನ್ನನ್ನು ಬೆಳೆಸಿದ ಕೈ. ಅದನ್ನು ಹಿಡಿದು ಇದು ರೋಗ ಎಂದು ಹೇಗೆ ಅನ್ನಲಿ ಎಂದು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಹೇಳಿದ. ಭುವನೇಶ್ವರಿ ಜಗಳವಾಡಲಿಲ್ಲ. ಅವಳಿಗೂ ಬಾಯಿ ಬಂದಿರಲಿಲ್ಲ.

ಈ ವಾರ ಕಾಂತುವೇ ಬಾಗೇವಾಡಿಗೆ ಬಂದ. ನಿಂಬೆಹಣ್ಣಿನ ಚೀಲ ಹೆಗಲ ಮೇಲಿಟ್ಟುಕೊಂಡು ಮೆಟ್ಟಿಲು ಹತ್ತುತ್ತ, ನಡುವೆ ನಿಂತ. ಎದೆ ತಿಕ್ಕಿಕೊಂಡ. ಮತ್ತೆ ಹತ್ತಿದ.

"ಏನಾಯ್ತು ಕಾಂತಣ್ಣ?"

"ಗ್ಯಾಸ್ ತಂಗಿ. ಹತ್ತಿಳಿಯೂ ಮುಂದ ಹಿಂಗ ಹಿಡೀತೈತಿ, ನಿಂತ್ರ ಬಿಡತೈತಿ. ಏ ನೀಲವ್ವಾ, ಬಾ ಮಾಮಾನ ಕಡೆ!"

"ಡಾಕ್ಟರಿಗೆ ತೋರಿಸಿ ಅಣ್ಣ."

"ಗ್ಯಾಸಿಗೆಲ್ಲ ಡಾಕ್ಟರ್ ಏನ ತಂಗಿ, ನಿಂಬಿಹಣ್ಣಿನ ಸೋಡಾ ಸಾಕು. ವ್ಯಾಪಾರ ನಂದ ಐತಿ!" ನೀರಿನ ತಂಬಿಗೆಗೆ ಚಾಚಿದ ಅವನ ಮುಂಗೈಯನ್ನು ಭುವನೇಶ್ವರಿ ನೋಡುತ್ತಲೇ ಇದ್ದಳು. ಅದು ಅವನಿಗೆ ತಿಳಿಯಿತು. ನಕ್ಕು ಬೆರಳು ಮಡಚಿ ತೋರಿಸಿದ. "ಅವ್ವನ ಕೈ ಬಂದಾವ ನೋಡು. ಆಕಿಗೆ ರೊಟ್ಟಿ ಬಡದು, ನನಗ ಚೀಲಾ ಹೊಲದು." ಅವಳು ಹೇಳಲೆಂದು ಹತ್ತಿರ ಬಂದಳು. ಅಷ್ಟರಲ್ಲಿ ಕೆಳಗೆ ಅವನ ಟೆಂಪೊದವನು ಹಾರ್ನ್ ಹೊಡೆದ. ಕಾಂತು ಚಹಾ ಅರ್ಧಕ್ಕೆ ಬಿಟ್ಟು ಇಳಿದು ಹೋದ.

ಇಂದು ಮಧ್ಯಾಹ್ನ ಶಾಲೆಯಿಂದ ಬಂದ ನೀಲಾಳ ಕಾಲು ತೊಳೆಯುವಾಗ ಹೆಬ್ಬೆರಳು ಮತ್ತೆ ಅದೇ ಜಾಗಕ್ಕೆ ಹೋಯಿತು. ಒತ್ತಿತು. ಈ ಕಾಲಿನ ಬಗ್ಗೆ ನನಗೆ ಗೊತ್ತಿದೆ, ಅದಕ್ಕೇ ಇದು ಉಳಿಯುತ್ತದೆ. ಕಾಂತಣ್ಣನ ಎದೆಯ ಬಗ್ಗೆಯೂ ಗೊತ್ತಿದೆ, ನಾನು ಸುಮ್ಮನೆ ಕೂತಿದ್ದೇನೆ. ಗುರಣ್ಣ ಮಾವನ ಕಾಲಕ್ಕೆ ಹೇಳುವವರೇ ಇರಲಿಲ್ಲ. ಈಗ ಇದ್ದಾರೆ. ಭುವನೇಶ್ವರಿ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಫೋನು ತೆಗೆದಳು. ಈ ಸಲ ಹಾಲಿನ ನೆಪ ಹುಡುಕಲಿಲ್ಲ.

ಆ ಕಡೆ ಫೋನು ಎತ್ತಿದಾಗ ಮೊದಲು ಕೇಳಿದ್ದು ಟಪ್ ಟಪ್. ಹುಚ್ಚವ್ವ ಫೋನನ್ನು ಒಲೆಯ ಪಕ್ಕ ಸ್ಪೀಕರಿಗೆ ಹಾಕಿ ಇಟ್ಟುಕೊಳ್ಳುವ ರೂಢಿ.

"ಯಾರು?"

"ನಾನು ಅತ್ತೆ, ಭುವನಿ."

"ಈ ಹೊತ್ತಿನ್ಯಾಗ? ಕೂಸು ಆರಾಮ ಐತಿಲ್ಲ?"

"ಆರಾಮಾಗಿದಾಳೆ ಅತ್ತೆ. ನೀವು ಊಟ ಮಾಡಿದ್ರಾ?"

"ಊಟದ ಸುದ್ದಿ ಕೇಳಾಕ ಫೋನ್ ಮಾಡೀಯೇನು? ಹಂಚು ಕಾದೈತಿ. ನಿಮ್ಮ ಮೈಸೂರಿನ ಗತೆ ಊರೆಲ್ಲಾ ಸುತ್ತಿಸಬ್ಯಾಡ. ಏನೈತಿ ಹೇಳು."

ಭುವನೇಶ್ವರಿ ಹೇಳಿದಳು. ಸಿದ್ಧರಾಮನ ರಕ್ತ, ಡಾಕ್ಟರು ಕೇಳಿದ ಪ್ರಶ್ನೆ, ಕೊಕ್ಕೆಗಳು, ನೀಲಾ. ಹೇಳುತ್ತ ಹೇಳುತ್ತ ಆ ಕಡೆಯ ಟಪ್ ಟಪ್ ನಿಧಾನವಾಯಿತು, ನಿಂತಿತು. ಒಲೆಯಲ್ಲಿ ಕಟ್ಟಿಗೆ ಸಿಡಿಯುವುದಷ್ಟೇ ಕೇಳುತ್ತಿತ್ತು.

"ಅಂದ್ರ ಇವು ರೊಟ್ಟಿಗಂಟಲ್ಲ."

"ಅಲ್ಲ ಅತ್ತೆ."

"ನಾ ಮಂದಿ ಮುಂದೆಲ್ಲಾ ಕುಣಿಸಿಕೋತ ಅಡ್ಡಾಡಿದ್ದು ರೋಗಾ, ಬ್ಯಾನಿ."

"ಹಾಗನ್ನಬೇಡಿ ಅತ್ತೆ. ನೀವು ಮುಚ್ಚಿಡದೆ ತೋರಿಸಿದ್ದಕ್ಕೇ ನಮಗೆ ಗೊತ್ತಾಗಿದ್ದು. ಡಾಕ್ಟರು ನಿಮಗೆ ಸಲಾಮ್ ಹೇಳಿದಾರೆ. ಮಗು ಉಳಿಯತ್ತೆ ಅತ್ತೆ, ನಿಮ್ಮಿಂದ."

ಹುಚ್ಚವ್ವ ಬೇರೆಲ್ಲೋ ನೋಡುತ್ತಿರುವವಳ ಹಾಗೆ ಮಾತಾಡಿದಳು. "ಗುರಣ್ಣನ ಕೈಯಾಗೂ ಇದ್ದುವು. ನನಗ ಒಮ್ಮೆ ಜ್ವರ ಬಂದಾಗ ನಾಕ ರೊಟ್ಟಿ ಬಡದಿದ್ದ, ಸೊಟ್ಟ ಸೊಟ್ಟ. ಅದಕ್ಕ ಬಂದಾವ ಅಂತ ಹೇಳಿ ಮಂದೀನ ನಗಸ್ತಿದ್ದೆ. ನಾಕ ರೊಟ್ಟಿಗೆ ಗಂಟು ಬರ್ತಾವೇನ ಭುವನಿ? ನನಗರೆ ತಿಳೀಬಾರದ?"

"ಆಗ ಯಾರಿಗೂ ತಿಳಿದಿರಲಿಲ್ಲ ಅತ್ತೆ. ನಿಮ್ಮ ಮೇಲೆ ಹಾಕ್ಕೋಬೇಡಿ."

ಕಟ್ಟಿಗೆ ಸರಿಸಿದ ಸದ್ದು. ಆಮೇಲೆ ದನಿ ಒಮ್ಮೆಲೇ ಗಟ್ಟಿಯಾಯಿತು. "ಕಾಂತೂನ ಕೈಯಾಗೂ ಅದಾವ."

"ಹೌದತ್ತೆ. ಅದಕ್ಕೇ ಫೋನ್ ಮಾಡಿದ್ದು. ಮೆಟ್ಟಿಲು ಹತ್ತೋವಾಗ ಎದೆ ತಿಕ್ಕೊಂಡು ನಿಂತರು. ಗ್ಯಾಸ್ ಅಂದ್ರು."

"ಗ್ಯಾಸ್! ಗುರಣ್ಣನೂ ಹಿಂಗ ಅಂದಿದ್ದ. ಸೋಡಾ ಕುಡದಿದ್ದ." ತಾಟು ದಡಕ್ಕನೆ ಇಟ್ಟ ಸದ್ದು. "ನಿನ್ನ ಡಾಕ್ಟರಮ್ಮಗ ಹೇಳಿಡು. ಇವತ್ತ ಸಂಜೀಕ ಅಂವ ಅಲ್ಲಿ ಇರ್ತಾನ. ನಿಂಬಿಹಣ್ಣು ಕೊಳತ್ರೂ ಕೊಳೀಲಿ. ನೀ ಹೇಳಿದ್ರ ಕೇಳೂದಿಲ್ಲ ಅಂವ, ನಿನ್ನ ಮಾತು ಬಾಳ ಮೆತ್ತಗ. ನಾ ಮಾಡ್ತೇನಿ ಅಂವಗ ಫೋನು."

"ನಿಮ್ಮದೂ ತೋರಿಸಬೇಕು ಅತ್ತೆ. ಮತ್ತೆ ಚಂದವ್ವ ಚಿಗವ್ವ, ದೊಡ್ಡಮ್ಮನ ಮಗಳು..."

"ಗೊತ್ತೈತಿ. ಯಾರ್ಯಾರ ಕೈ ಎತ್ತಿ ಹಿಡದೇನಿ ನನಗಿಂತ ಚಲೋ ಯಾರಿಗೆ ಗೊತ್ತು? ಹೊಗಳಿದ ಬಾಯಿಲೆ ನಾನ ಹೋಗಿ ಹೇಳ್ತೇನಿ. ಮುದ್ದೇಬಿಹಾಳ, ಸಿಂದಗಿ, ಇಂಡಿ, ಎಲ್ಲಾ ಕಡೆ. ಬೈದ್ರ ಬೈಲಿ." ಫೋನು ಇಡುತ್ತಾಳೆ ಎಂದುಕೊಂಡಳು ಭುವನೇಶ್ವರಿ. ಇಡಲಿಲ್ಲ. "ಭುವನಿ."

"ಹೇಳಿ ಅತ್ತೆ."

"ನಿನ್ನ ಕೈಗೆ ಗಂಟು ಬಂದಾವೇನು ಇನ್ನ?"

"ಇಲ್ಲ ಅತ್ತೆ. ಇನ್ನೂ ಬೆಣ್ಣೆ ಮುದ್ದೆನೇ."

"ಚಲೋ ಆತು." ಆ ಕಡೆ ಒಂದು ಉಸಿರು, ನಗುವೋ ಅಳುವೋ ತಿಳಿಯದಂಥದು. "ಕೂಸು ಅರ್ಧಾ ನಿನ್ನಂಗರೆ ಐತಿ. ಇಡು ಫೋನು, ಕಾಂತೂಗ ಮಾಡಬೇಕು. ಹಂಚಿನ ಮ್ಯಾಗಿಂದು ಸುಟ್ಟ ಹೋತು."